ಬಾ ಎಂದ ಮನೆ

ನಮ್ಮ ಕುಂದಾಪುರದ ಕಡೆ ಮಟಮಟ ಮಧ್ಯಾಹ್ನವೆಂದರೆ ಭೂತ ತಿರುಗುವ ಹೊತ್ತು. ಹಾಗಿದ್ದರೆ ವಡೋದರಾದ ಗೋರ್ವಾದಲ್ಲಿ ಅವಕ್ಕೆ ಪುರುಸೊತ್ತೇ ಇದ್ದಿರಲಾರದು. ಬೇಸಗೆಯಲ್ಲಿ ಹನ್ನೆರಡು ಹೊಡೆದರೆ ಬೀದಿಯಲ್ಲಿ ಒಂದು ನಾಯಿಯೂ ಕಾಣುತ್ತಿರಲಿಲ್ಲ. ಅಪ್ಪ ಅಲ್ಲಿಯ ಉಡುಪಿ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದರು. ಊರಲ್ಲಿ ಅಜ್ಜಿ ತೀರಿಕೊಂಡ ಮೇಲೆ ಅಮ್ಮನನ್ನೂ ನನ್ನನ್ನೂ ಕರೆಸಿಕೊಂಡರು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು, ನಾನು ಒಂಬತ್ತನೆಯ ತರಗತಿಗೆ ಸೇರಬೇಕಿತ್ತು.

ನಮ್ಮ ಎದುರಿನ ಮನೆಯ ಬಾಗಿಲು, ಕಿಟಕಿ ಯಾವಾಗಲೂ ಮುಚ್ಚಿರುತ್ತಿದ್ದವು. ಮಧ್ಯಾಹ್ನವಾದರೆ ಒಳಗಿನಿಂದ ಹೆಂಗಸಿನ ದನಿ ಕೇಳುತ್ತಿತ್ತು: "ಬಾ... ಬಾ..." ಯಾರೂ ಓಗೊಡುತ್ತಿರಲಿಲ್ಲ. ಸ್ವಲ್ಪ ಬಿಟ್ಟು ಮತ್ತೆ, "ಬಾ..." ಆ ಬೀದಿಯಲ್ಲಿ ಕನ್ನಡದವರೆಂದರೆ ನಾವು ಮೂರೇ ಜನ. ಗುರುತಿಲ್ಲದ ಮನೆಯೊಂದು ನನ್ನನ್ನು ನನ್ನ ಭಾಷೆಯಲ್ಲೇ ಕರೆಯುವುದೆಂದರೇನು! ಮೈಯೆಲ್ಲ ಮುಳ್ಳೆದ್ದಿತು.

"ಮೂರ್ ಸಲ ಕರ್ದ್ರೂ ಓಗುಡ್ಬ್ಯಾಡ ಹೆಣೆ," ಎಂದು ಅಮ್ಮ ನನ್ನ ತೋಳಿಗೆ ಕರಿದಾರ ಕಟ್ಟಿದಳು.

ಶಾಲೆಯೋ, ದೇವರಿಗೇ ಪ್ರೀತಿ. ಹತ್ತಿರದಲ್ಲಿದ್ದದ್ದು ಗುಜರಾತಿ ಮಾಧ್ಯಮ. ಊರಿನ ಕನ್ನಡ ಶಾಲೆಯಿಂದ ಹೋದ ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಮೊದಲ ಗಣಿತ ಪರೀಕ್ಷೆಯಲ್ಲಿ ಸೊನ್ನೆ ಬಂತು. "ಹತ್ತ್ ಪಾಸಾಯ್ಲಿಲ್ಲಾಂದ್ರೆ ಊರಿಗ್ ಕಳ್ಸುದೇ, ಸೋದರತ್ತೆ ಮನೆಗೆ," ಎಂದರು ಅಪ್ಪ. ಅತ್ತೆಯ ಮನೆಯೆಂದರೆ ಪಾತ್ರೆ ತಿಕ್ಕುವುದು, ಆಮೇಲೆ ಅವರು ತೋರಿಸಿದವನಿಗೆ ಕೊರಳೊಡ್ಡುವುದು. ನನಗೆ ಓದಬೇಕಿತ್ತು. ಅದೊಂದು ಬಿಟ್ಟು ಬೇರೇನೂ ಬೇಕಿರಲಿಲ್ಲ.

ಆ ಮಧ್ಯಾಹ್ನ ಸೊನ್ನೆ ಬಿದ್ದ ಉತ್ತರಪತ್ರಿಕೆ ಹಿಡಿದು ಮೆಟ್ಟಿಲ ಮೇಲೆ ಅಳುತ್ತಿದ್ದೆ. ಎದುರಿನ ಮನೆ "ಬಾ" ಎಂದಿತು. ನನಗೆ ಪಿತ್ತ ನೆತ್ತಿಗೇರಿತು. "ಬಂದೆ ತಡಿ! ತಿಂಬುದಿದ್ರೆ ತಿನ್ನ್!" ಎಂದು ಕೂಗಿ ಹೋಗಿ ಬಾಗಿಲು ದೂಡಿದೆ.

ಒಳಗೆ ಕತ್ತಲು. ನಡುಮನೆಯಲ್ಲಿ ಉಯ್ಯಾಲೆ ಮಣೆಯೊಂದು ಮೆಲ್ಲಗೆ ತೂಗುತ್ತಿತ್ತು. ಅದರ ಮೇಲೆ ಯಾರೂ ಇಲ್ಲ. ಮಡಿಚಿಟ್ಟ ಬಿಳಿ ಸೀರೆ, ಎದುರಿಗೆ ಬಡಿಸಿಟ್ಟ ತಟ್ಟೆ. ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ ನರೆಗೂದಲಿನ ಹೆಂಗಸು ತಿರುಗಿ ಹಿಂದಿಯಲ್ಲಿ ಹೇಳಿದರು: "ನೀನು ಯಾರ ಮಗಳು ಅಂತ ಬಾ ಕೇಳ್ತಿದ್ದಾಳೆ."

ಗುಜರಾತಿಯಲ್ಲಿ ಬಾ ಎಂದರೆ ಅಮ್ಮ. ನನಗೆ ಅದು ತಿಳಿದದ್ದೇ ಆಗ. ತಿಳಿದ ಮೇಲೆ ಹೆದರಿಕೆ ಇಳಿಯಿತೇ? ಎಲ್ಲಿಯದು! ಉಯ್ಯಾಲೆ ಖಾಲಿಯಿತ್ತಲ್ಲ.

ಓಡಲು ತಿರುಗಿದೆ. ಅವರು ನನ್ನ ಕೈಯಿಂದ ಪತ್ರಿಕೆ ಎಳೆದುಕೊಂಡು ನೋಡಿ ನಕ್ಕರು. "ಹುಚ್ಚಿ, ಇದು ಒಂಬತ್ತಲ್ಲ, ಒಂದು!" ಗುಜರಾತಿಯ ಒಂದು ನೋಡಲು ಥೇಟ್ ಇಂಗ್ಲಿಷ್ ಅಂಕಿಯ ಒಂಬತ್ತು. ಕಂಡ ಒಂದನ್ನೆಲ್ಲ ಒಂಬತ್ತು ಮಾಡಿ ನಾನು ಲೆಕ್ಕಗಳನ್ನು ಕೆಡಿಸಿಟ್ಟಿದ್ದೆ. ಅವರು ಹಿಂದೆ ಶಾಲೆಯಲ್ಲಿ ಗಣಿತ ಕಲಿಸಿದವರು. ಅಲ್ಲಿ ಟೀಚರನ್ನು ಅಕ್ಕ ಎಂಬರ್ಥದಲ್ಲಿ ಬೆನ್ ಎನ್ನುತ್ತಾರೆ, ನಾನೂ ಹಾಗೆಯೇ ಕರೆದೆ.

ಅಂದಿನಿಂದ ಬೆಳಗಿನ ಶಾಲೆ ಮುಗಿಸಿ ಮಧ್ಯಾಹ್ನವೆಲ್ಲ ಅಲ್ಲೇ. ಲೆಕ್ಕ ತಪ್ಪಿದರೆ ಬೆನ್ ಉಯ್ಯಾಲೆಯ ಕಡೆ ಕಿವಿಕೊಟ್ಟು, "ಇನ್ನೊಮ್ಮೆ ಮಾಡಬೇಕಂತೆ" ಎನ್ನುತ್ತಿದ್ದರು. ಅವರು ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಬಾ ಒಬ್ಬಳನ್ನೇ ಬಿಟ್ಟು ಬರುವುದು ಹೇಗೆ ಎನ್ನುತ್ತಿದ್ದರು.

ಬಾ ಎಂದೋ ಸತ್ತವಳೆಂದು ಬೀದಿಯವರಿಂದ ತಿಳಿದು ಅಮ್ಮ ಹೌಹಾರಿದಳು. "ಎಂತ ಮಾರಾಯ್ತಿ, ಸತ್ತವ್ರ್ ಒಟ್ಟಿಗ್ ಕೂತ್ ಲೆಕ್ಕ ಮಾಡ್ತಿಯಾ?" ಅಪ್ಪ ಮಾತ್ರ, "ಭೂತ ಕಲ್ಸಿರೂ ಅಡ್ಡಿಲ್ಲ, ಪಾಸಾದ್ರೆ ಸಾಕ್," ಎಂದು ದಿನಾ ಹೋಟೆಲಿನಿಂದ ಇಡ್ಲಿ ಕಟ್ಟಿಸಿ ಕಳಿಸಿದರು. ಕೊನೆಗೆ ಅಮ್ಮನೇ ಮೂರು ಇಡ್ಲಿಯ ಜೊತೆ ನಾಲ್ಕನೆಯದನ್ನೂ ಇಡತೊಡಗಿದಳು, ಬಾ ಪಾಲಿನದು ಇರಲಿ ಎಂದು. ಈಗ ಯಾರಾದರೂ ನನ್ನನ್ನು ಸ್ವಂತ ಬಲದಿಂದ ಓದಿದವಳು ಎಂದರೆ ಮೈ ಉರಿಯುತ್ತದೆ. ಸ್ವಂತ ಬಲವಂತೆ, ಮಣ್ಣಾಂಗಟ್ಟಿ!

ಒಂದು ದಿನ ಕರೆಂಟು ಹೋಗಿತ್ತು, ಗಾಳಿಯೂ ಇರಲಿಲ್ಲ. ಬೆನ್ ಅಡುಗೆಮನೆಯಲ್ಲಿದ್ದರು. ಉಯ್ಯಾಲೆ ತೂಗುತ್ತಲೇ ಇತ್ತು. ನನಗೆ ಏನನ್ನಿಸಿತೋ, "ಬಾ, ಈ ಲೆಕ್ಕ ಸರಿಯಾ?" ಎಂದೆ. ಅದು ಗಕ್ಕನೆ ನಿಂತಿತು. ನಂಬುವವರು ನಂಬಿ. ಲೆಕ್ಕ ಸರಿಯಿತ್ತು.

ಹತ್ತನೆಯ ತರಗತಿಯ ಗಣಿತ ಪರೀಕ್ಷೆಯ ಬೆಳಿಗ್ಗೆ ನನಗೆ ವಾಂತಿ ಶುರುವಾಯಿತು. ಅಪ್ಪ ಹೋಟೆಲಿಗೆ ಹೋಗಿಯಾಗಿತ್ತು. ನಾನು ಹೋಗುವುದಿಲ್ಲ ಎಂದು ಹೊಸ್ತಿಲಲ್ಲಿ ಕುಸಿದೆ. ಅಮ್ಮ ದಿಕ್ಕು ತೋಚದೆ ಅಳತೊಡಗಿದಳು. ಆಗ ಎದುರಿನ ಬಾಗಿಲು ತೆರೆಯಿತು. ಬೆನ್ ಚಪ್ಪಲಿ ಮೆಟ್ಟಿ ಹೊರಗೆ ಬಂದು, ಬಾಗಿಲಿಗೆ ಬೀಗ ಜಡಿದು, ನನ್ನ ರಟ್ಟೆ ಹಿಡಿದು ರಿಕ್ಷಾ ಹತ್ತಿಸಿದರು. ಬೀದಿಯ ಹೆಂಗಸರು ಬಾಯಿಬಿಟ್ಟು ನೋಡುತ್ತ ನಿಂತರು.

ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಕೇಳಿದೆ: "ಬಾ ಒಬ್ಬಳೇ ಇದ್ದಾಳಲ್ಲ?"

"ಬಾ ಎಲ್ಲಿದ್ದಾಳೆ? ಸತ್ತು ಎಷ್ಟೋ ವರ್ಷ ಆಯ್ತು. ನನಗೆ ಗೊತ್ತಿಲ್ವಾ? ಗಂಟೆ ಹೊಡೀತು, ನಡಿ ಒಳಗೆ."

ನಾನು ಪಾಸಾದೆ. ಅಪ್ಪ ಅತ್ತೆಯ ಮನೆಯ ಮಾತು ಮತ್ತೆ ಎತ್ತಲಿಲ್ಲ. ಆದರೆ ಅಂದು ಬರೆದು ಹೊರಬಂದಾಗ ಬೆನ್ ಅದೇ ಬಿಸಿಲಿನಲ್ಲಿ ನಿಂತಿದ್ದರು. ಪ್ರಶ್ನೆಪತ್ರಿಕೆ ಹೇಗಿತ್ತೆಂದು ಕೇಳಲೇ ಇಲ್ಲ. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಮನೆ ಒಳಗಿನ ತನಕ ಬರ್ತೀಯಾ?" ಎಂದರು. "ಅಲ್ಲೀಗ ಯಾರೂ ಇಲ್ಲ. ನನಗೆ ಹೆದರಿಕೆ ಆಗುತ್ತೆ."