ಬಿಟ್ಟುಹೋದ ಪರಸ್ತಾನ

ದೆವ್ವ, ಗಾಳಿ, ಶಕುನ ಅಂತ ಯಾರಾದರೂ ಶುರುಮಾಡಿದರೆ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: 'ಅವತ್ತು ಎಷ್ಟು ಹಾಕಿದ್ದೆ?' ಮದ್ದೂರಿನಲ್ಲಿ ನಮ್ಮಪ್ಪನ ಕಾಲದಿಂದ ಕಬ್ಬಿನ ಗಾಣ ರಿಪೇರಿ ಮಾಡುವ ಅಂಗಡಿ ನಮ್ಮದು. ಗಾಣ ಕೂಗಿದರೆ ಬೇರಿಂಗ್ ಹೋಗಿರುತ್ತದೆ, ಅಲುಗಾಡಿದರೆ ಬೋಲ್ಟು ಸಡಿಲವಾಗಿರುತ್ತದೆ. ಕಾರಣವಿಲ್ಲದೆ ಯಾವುದೂ ಆಗುವುದಿಲ್ಲ ಎಂದು ನಂಬಿ ಐವತ್ತೆರಡು ವರ್ಷ ಬದುಕಿದ್ದೆ. ಈಗ ಬರೆಯುತ್ತಿರುವ ಸಂಗತಿಗೆ ಮಾತ್ರ ಕಾರಣ ಸಿಕ್ಕಿಲ್ಲ. ನೀವು ನಂಬಲೇಬೇಕೆಂದು ಹೇಳುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಪೂರಿಗಾಲಿಯ ನಿಂಗೇಗೌಡ ನನಗೆ ಇಪ್ಪತ್ತು ವರ್ಷದ ಗೆಳೆಯ, ನನ್ನನ್ನು ಭಾಯ್ ಅನ್ನುತ್ತಿದ್ದ. ಬೆಲ್ಲದ ಪಾಕ ಹಿಡಿಯುವುದರಲ್ಲಿ ಮಳವಳ್ಳಿ ಕಡೆ ಅವನನ್ನು ಮೀರಿಸುವವರಿಲ್ಲ. ಕೊಪ್ಪರಿಗೆ ಮುಂದೆ ನಿಂತರೆ ಅವನ ಲೆಕ್ಕ ಒಂದು ಚೂರೂ ತಪ್ಪುವುದಿಲ್ಲ. ಅಲ್ಲಿಂದ ಈಚೆಗೆ ಬಂದರೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಊರೆಲ್ಲಾ ಟವೆಲ್ ಹುಡುಕುವ ಆಸಾಮಿ. ಹತ್ತು ಗಂಟೆಗೆ ಬತ್ತೀನಿ ಅಂದರೆ ಊಟದ ಹೊತ್ತಿಗೆ ಬರುತ್ತಿದ್ದ. ಆದರೆ ಎಷ್ಟು ತಡವಾದರೂ ಬಂದೇ ಬರುತ್ತಿದ್ದ. ನಾನು ಬಾಯಿ ತುಂಬ ಬೈದು ಟೀ ತರಿಸುತ್ತಿದ್ದೆ.

ನಾಲ್ಕು ವರ್ಷದ ಹಿಂದೆ ಉಗಾಂಡದಲ್ಲಿ ಕಬ್ಬು ಬೆಳೆಯುವ ಒಬ್ಬ ಗುಜರಾತಿ ಸೇಟು ನಮ್ಮ ಕಡೆಯಿಂದ ಗಾಣ ಕೊಂಡ. ಅದನ್ನು ಕೂಡಿಸಿ ನಿಲ್ಲಿಸಲು ನಾನು, ಬೆಲ್ಲ ಮಾಡುವುದನ್ನು ಅಲ್ಲಿಯವರಿಗೆ ಕಲಿಸಲು ನಿಂಗ ಹೋಗುವುದೆಂದಾಯಿತು. ಟಿಕೆಟ್ಟು ಬಂದದ್ದು ಮಂಗಳವಾರಕ್ಕೆ. ನಿಂಗನ ಹೆಂಡತಿ ಸಾಕಮ್ಮ ಮಂಗಳವಾರ ಮನೆಯಿಂದ ಹೊರಡಿಸಲು ಒಪ್ಪಲಿಲ್ಲ. ಅದಕ್ಕೆ ಅವರಲ್ಲಿ ಒಂದು ಉಪಾಯವಿದೆ, ಪರಸ್ತಾನ ಅನ್ನುತ್ತಾರೆ. ಒಳ್ಳೆಯ ದಿನ ನೋಡಿ, ಹೋಗುವವನ ಒಂದು ಅಂಗಿ, ಒಂದು ಹಿಡಿ ಅಕ್ಕಿ, ತೆಂಗಿನಕಾಯಿ ಗಂಟು ಕಟ್ಟಿ ದಾರಿಯಲ್ಲಿರುವ ನೆಂಟರ ಮನೆಯಲ್ಲಿ ಮೊದಲೇ ಇಟ್ಟುಬರುವುದು. ಅಲ್ಲಿಗೆ ಪ್ರಯಾಣ ಆ ದಿನವೇ ಶುರುವಾದಂತೆ. ಆಮೇಲೆ ಹೊರಡುವಾಗ ಗಂಟನ್ನು ಮರೆಯದೆ ಎತ್ತಿಕೊಂಡು ಹೋಗಬೇಕು. ಭಾನುವಾರ ಸಾಕಮ್ಮನೇ ಹೋಗಿ ವೈದ್ಯನಾಥಪುರದಲ್ಲಿ, ನಿಂಗನ ಅಕ್ಕನ ಮನೆಯಲ್ಲಿ ಇಟ್ಟುಬಂದಳು. ನೀಲಿ ಚೌಕಳಿ ಅಂಗಿ.

ಮಂಗಳವಾರ ಕಾರು ಮಳವಳ್ಳಿ ದಾಟಿದ ಮೇಲೆ ನಿಂಗನಿಗೆ ಪಾಸ್‌ಪೋರ್ಟ್ ನೆನಪಾಯಿತು. ಬೆಳಿಗ್ಗೆ ಜೆರಾಕ್ಸ್ ಅಂಗಡಿಯಲ್ಲಿ ಬಿಟ್ಟಿದ್ದ. ವಾಪಸ್ ಹೋದರೆ ಅಂಗಡಿಯವನು ಊಟಕ್ಕೆ ಹೋಗಿದ್ದ. ಮದ್ದೂರಿಗೆ ಬರುವಷ್ಟರಲ್ಲಿ ಎರಡು ಗಂಟೆ ತಡ.

"ಅಕ್ಕನ ಮನೆಗೊಂದು ಗಳಿಗೆ ಓಗಿ ಬಂದ್ಬುಡವಾ ಭಾಯ್" ಅಂದ.

"ಬುಡ್ಲಾ, ಬಂದ್ಮೇಲೆ ಈಸ್ಕಳವಂತೆ. ಇಮಾನ ನಿನ್ನ ಗಂಟಿಗೋಸ್ಕರ ಕಾಯ್ತದಾ?" ಅಂದೆ.

ಬೇಡ ಅಂದವನು ನಾನು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ವಿಮಾನದಲ್ಲಿ ನಿಂಗ ಚಪ್ಪಲಿ ಬಿಚ್ಚಿ ಒಂದನ್ನು ಯಾರದೋ ಸೀಟಿನ ಕೆಳಗೆ ಕಳೆದ. ಜಿಪ್ಪು ಹೋಗಿ ಗೋಣಿದಾರ ಕಟ್ಟಿದ್ದ ಅವನ ಬ್ಯಾಗನ್ನು ನಾನು ಎರಡು ಸಲ ಕಾಯಬೇಕಾಯಿತು. ಸುಮ್ಮನಿರಲಾರದೆ ಒಂದು ವಿಷಯ ಒಪ್ಪಿಕೊಂಡ. ಹನ್ನೆರಡು ವರ್ಷದ ಹಿಂದೆ ನನ್ನಿಂದ ಇಸಿದುಕೊಂಡು ಹೋಗಿ, ಆಮೇಲೆ ಕೊಡ್ತೀನಿ ಕೊಡ್ತೀನಿ ಅನ್ನುತ್ತಿದ್ದ ನಮ್ಮಪ್ಪನ ರಿಂಗ್ ಸ್ಪ್ಯಾನರ್ ಆ ವರ್ಷವೇ ನಾಲೆಗೆ ಬಿದ್ದು ಹೋಗಿತ್ತಂತೆ. "ನಿಮ್ಮಪ್ಪಂದು ಅಂತ ಏಳಕ್ಕೆ ಬಾಯಿ ಬರ್ನಿಲ್ಲ ಕಣ್ಲಾ" ಅಂದ. ನನಗೆ ಸಿಟ್ಟಿಗಿಂತ ನಗು ಬಂತು.

ದುಬೈಯಲ್ಲಿ ವಿಮಾನ ಬದಲಿಸಬೇಕಿತ್ತು. ಟೀ ಅಂಗಡಿಯ ಹೆಂಗಸು ನಿಂಗನನ್ನು ನೋಡಿದವಳೇ, 'ಇವತ್ತೂ ಸಕ್ಕರೆ ಬೇಡ ತಾನೆ?' ಎಂದು ಹಿಂದಿಯಲ್ಲಿ ಕೇಳಿದಳು. ನಿಂಗ ಸಕ್ಕರೆ ಮುಟ್ಟುವವನಲ್ಲ. ಆದರೆ ಅವನು ಊರು ಬಿಟ್ಟು ಬೆಂಗಳೂರಿನ ಆಚೆಗೆ ಬಂದದ್ದೇ ಮೊದಲ ಸಲ. ಸಾವಿರ ಜನರನ್ನು ನೋಡುವವಳು, ತಪ್ಪು ತಿಳಿದಿರಬೇಕು ಅಂದುಕೊಂಡೆ.

ಬುಧವಾರ ಮಧ್ಯಾಹ್ನ ತೋಟ ಮುಟ್ಟಿದೆವು. ಸೇಟುವಿನ ಮ್ಯಾನೇಜರು ನನ್ನ ಕೈ ಕುಲುಕಿದ. ನಿಂಗನನ್ನು ನೋಡಿ, 'ನೀವು ಮತ್ತೆ ಬಂದಿರಾ? ಸೋಮವಾರ ಹೇಳದೆ ಕೇಳದೆ ಎಲ್ಲಿ ಹೋದಿರಿ?' ಅಂದ. ಆಮೇಲೆ ಶೆಡ್ಡಿಗೆ ಕರೆದುಕೊಂಡು ಹೋದ. ಅವರ ಹಳೆಯ ಕೈಗಾಣದಲ್ಲಿ ರಸ ತೆಗೆದು ಕಾಯಿಸಿದ ಒಂದೇ ಒಂದು ಪಾಕದ ಬೆಲ್ಲ ಹಲಗೆಯ ಮೇಲೆ ಸಾಲಾಗಿ ಇತ್ತು. ಮೊದಲನೆಯ ಅಚ್ಚಿನ ಮೇಲೆ ಹೆಬ್ಬೆರಳಿನ ಗುರುತು, ಅದರ ನಡುವೆ ಓರೆಯಾಗಿ ಒಂದು ಗೆರೆ. ನಿಂಗನ ಎಡಗೈ ಹೆಬ್ಬೆರಳಿಗೆ ಗಾಣ ಕಚ್ಚಿ ಆದ ಗಾಯದ ಗೆರೆ ಅದು. ಪ್ರತಿ ಪಾಕದ ಮೊದಲ ಅಚ್ಚಿಗೆ ಹಾಗೆ ಒತ್ತುವುದು ಅವನ ಅಭ್ಯಾಸ. ನಿಂಗ ತನ್ನ ಬೆರಳನ್ನು ಆ ಗುಳಿಗೆ ಇಟ್ಟು ನೋಡಿದ. ಸರಿಯಾಗಿ ಕೂತಿತು.

"ಭಾನ್ವಾರ ಗಂಟಿನ ಜೊತೆ ಒಂಟೋನು ನನಗಿಂತ ಎರಡು ದಿನ ಮುಂದವ್ನೆ ಭಾಯ್" ಅಂದ. ನಾನು ಗದರಿಸಿದೆ. ಗದರಿಸಿದೆನೇ ಹೊರತು ಅವತ್ತಿನಿಂದ ಅವನ ಪಕ್ಕ ಬಿಟ್ಟು ಕದಲಲಿಲ್ಲ.

ಎರಡು ವಾರ ಕೆಲಸ ನಡೆಯಿತು. ಶನಿವಾರ ಹೊರಟು ಭಾನುವಾರ ಊರು ಸೇರಬೇಕು. ಶುಕ್ರವಾರ ಮಧ್ಯಾಹ್ನ ಪಾಕ ಕುದಿಯುತ್ತಿದ್ದಾಗ ಸಾಕಮ್ಮ ನನ್ನ ಫೋನಿಗೆ ಮಾಡಿದಳು.

"ಅಣ್ಣ, ನೀವು ಮದ್ದೂರಲ್ಲೇ ಇಳ್ಕಂಡ್ರಾ? ಇವ್ರು ಒಬ್ರೇ ಬಂದವ್ರೆ. ಮಾತೇ ಆಡ್ತಿಲ್ಲ. ಉಂಡು ಮನಿಕ್ಕಂಡವ್ರೆ."

ಸ್ಪೀಕರ್ ಹಾಕಿದ್ದೆ, ನಿಂಗನಿಗೂ ಕೇಳಿಸಿತು. ಅವನು ಫೋನು ಕಿತ್ತುಕೊಂಡ. "ಸಾಕೀ, ನಾನು ಕಣೇ. ನಾನಿನ್ನೂ ಇಲ್ಲೇ ಇವ್ನಿ."

ಆ ಕಡೆಯಿಂದ ಸಾಕಮ್ಮ ಪಿಸುಗುಟ್ಟಿದಳು: "ಅಂಗಾರೆ ಒಳಗಿರೋರು ಯಾರು?"

ಫೋನು ಕಟ್ಟಾಯಿತು. ನಿಂಗನ ಕೈಯಲ್ಲಿ ಜೀವಮಾನದಲ್ಲಿ ಮೊದಲ ಸಲ ಪಾಕ ಸೀದು ಹೋಯಿತು. ಸಂಜೆ ಮತ್ತೆ ಮಾಡಿದಾಗ ಅವಳೇ ಎತ್ತಿದಳು, "ಏನೂ ಇಲ್ಲ ಅಣ್ಣ, ಎಲ್ಲಾ ಸರಿಯಾಗದೆ" ಅಂದಳು. ಪಾಠ ಒಪ್ಪಿಸುವವರ ದನಿ. ಪಕ್ಕದ ಮನೆಯವರನ್ನು ಕಳಿಸೋಣವೆಂದರೆ ಏನೆಂದು ಹೇಳಿ ಕಳಿಸುವುದು? ನಿಂಗನ ಮನೆಯಲ್ಲಿ ನಿಂಗನೇ ಇದ್ದಾನೆ, ಹೋಗಿ ನೋಡಿ ಎನ್ನುವುದೇ?

ವಾಪಸ್ ಬರುವಾಗ ನಿಂಗ ಏನನ್ನೂ ತಿನ್ನಲಿಲ್ಲ. ಭಾನುವಾರ ವಿಮಾನ ನಿಲ್ದಾಣದಿಂದ ನೇರ ವೈದ್ಯನಾಥಪುರಕ್ಕೆ ಹೋದೆವು. ಗಂಟು ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂದು ಅವನ ನಂಬಿಕೆ. ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ನನ್ನದೂ ಅದೇ. ಅಕ್ಕ ಬಾಗಿಲಲ್ಲೇ ನಿಂತು ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. "ಸುಕ್ರವಾರ ನೀನೇ ಬಂದು ತಗಂಡೋದ್ಯಲ್ಲಪ್ಪ. ಒಂದು ಲೋಟ ನೀರೂ ಕುಡೀನಿಲ್ಲ" ಅಂದಳು.

ಪೂರಿಗಾಲಿಯಲ್ಲಿ ಅವನ ಮನೆ ಮುಂದೆ ಕಾರು ನಿಂತಾಗ ಇನ್ನೂ ಬಿಸಿಲಿತ್ತು. ನಾನೂ ಇಳಿಯಲು ಹೋದೆ. "ನೀನು ಬರ್ಬ್ಯಾಡ ಭಾಯ್. ಸಾಕಿ ಒಳಗವ್ಳೆ, ನಾನು ಓಗ್ಲೇಬೇಕು" ಅಂದ. ಬ್ಯಾಗನ್ನು ಎಂದಿನಂತೆ ಕಾರಿನಲ್ಲೇ ಮರೆತ. ಸೇಟು ಕೊಡಿಸಿದ ದೊಡ್ಡ ಚಪ್ಪಲಿ ಎಳೆದುಕೊಂಡು, ಅಂಗಿಯ ಗುಂಡಿ ಮೇಲೆಕೆಳಗಾಗಿ ಹಾಕಿಕೊಂಡು ನಡೆದುಹೋದ. ಬಾಗಿಲು ಒಳಗಿನಿಂದ ತೆರೆಯಿತು, ಮುಚ್ಚಿತು. ಕೂಗಿಲ್ಲ, ಮಾತಿಲ್ಲ, ಪಾತ್ರೆಯ ಸದ್ದೂ ಇಲ್ಲ. ನಾನು ಇಳಿಯಲಿಲ್ಲ. ಅವನು ಬೇಡ ಅಂದದ್ದಕ್ಕಲ್ಲ. ಹೆದರಿದ್ದೆ.

ಕಾಲು ಗಂಟೆಯ ಮೇಲೆ ನಿಂಗ ಹೊರಗೆ ಬಂದ. ತಲೆ ಬಾಚಿತ್ತು. ಮೈಮೇಲೆ ನೀಲಿ ಚೌಕಳಿ ಅಂಗಿ, ಗುಂಡಿಗಳೆಲ್ಲ ಸರಿಯಾಗಿದ್ದವು. ಕಾರಿನ ಕಿಟಕಿಯಲ್ಲಿ ಕೈ ಚಾಚಿ, ಬಟ್ಟೆಯಲ್ಲಿ ಒರೆಸಿ ಹೊಳೆಯುತ್ತಿದ್ದ ಒಂದು ರಿಂಗ್ ಸ್ಪ್ಯಾನರ್ ಕೊಟ್ಟ. ಹಿಡಿಯ ಮೇಲೆ ನಮ್ಮಪ್ಪ ಉಳಿಯಿಂದ ಹೊಡೆದ ಎರಡು ಗೀಟು ಇದ್ದವು.

"ತಗೊಳ್ಳಿ ಭಾಯ್, ನಿಮ್ಮದು. ತಡವಾಯ್ತು" ಅಂದ.

ಸಾಕಮ್ಮ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಲಿಲ್ಲ.

ಆಮೇಲಿಂದ ಅವನು ಏನನ್ನೂ ಮರೆತದ್ದಿಲ್ಲ. ಹತ್ತಕ್ಕೆ ಬರುತ್ತೇನೆ ಅಂದರೆ ಹತ್ತಕ್ಕೆ ಅಂಗಡಿ ಮುಂದೆ ನಿಂತಿರುತ್ತಾನೆ. ಬೈಯಲು ಏನೂ ಸಿಗುವುದಿಲ್ಲ. ಒಮ್ಮೆ ಸಾಕಮ್ಮ ಸಂತೆಯಲ್ಲಿ ಸಿಕ್ಕಾಗ ಹೇಗಿದ್ದಾನೆ ಎಂದು ಕೇಳಿದೆ. "ಚೆನ್ನಾಗಿ ನೋಡ್ಕತಾರೆ ಕಣಣ್ಣ" ಅಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೆಚ್ಚಿಗೆ ಕೇಳುವ ಧೈರ್ಯ ನನಗಿರಲಿಲ್ಲ.

ಗೋಣಿದಾರ ಕಟ್ಟಿದ ಆ ಬ್ಯಾಗು ಈಗಲೂ ನನ್ನ ಅಂಗಡಿಯ ಮೂಲೆಯಲ್ಲಿದೆ. ಒಳಗೆ ಒಂಟಿ ಚಪ್ಪಲಿ, ಸೀದ ಬೆಲ್ಲದ ಒಂದು ಅಚ್ಚು. ನಾಲ್ಕು ವರ್ಷವಾದರೂ ಅವನು ಅದನ್ನು ಕೇಳಿಲ್ಲ, ನಾನೂ ಕೊಟ್ಟಿಲ್ಲ. ಊಟದ ಹೊತ್ತಿಗೆ ಬಾಗಿಲ ಕಡೆ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ನಿಂಗ ಯಾವತ್ತೂ ತಡವಾಗಿಯೇ ಬರುತ್ತಿದ್ದವನು.