ಪ್ಯಾಟ್ರಿಕ್‌ನ ಜೆರ್ಸಿ

"ಸ್ಪಾನ್ಸರ್ ಕಂಪನಿ ಖಲಾಸ್. ಈ ಹೆಸರು ತೆಗೆದುಬಿಡಿ" ಎನ್ನುತ್ತ ಐರ್ಲೆಂಡಿನವನೊಬ್ಬ ದುಬೈಯ ದೇರಾದ ನಮ್ಮ ಪ್ರಿಂಟಿಂಗ್ ಅಂಗಡಿಯಲ್ಲಿ ಜೆರ್ಸಿಗಳ ರಾಶಿ ಸುರಿದ. ಅವರ ನಾಡಿನ ಆಟ ಗೇಲಿಕ್ ಫುಟ್‌ಬಾಲ್. ಇಲ್ಲಿಯೂ ತಂಡ ಕಟ್ಟಿಕೊಂಡಿದ್ದರು. ಆ ಕಂಪನಿಯ ಹೆಸರನ್ನು ಹಿಂದೆ ಜೆರ್ಸಿಗಳ ಎದೆಗೆ ಒತ್ತಿದವನು ನಾನೇ. ಬಿಸಿ ಮಾಡಿ ಕಿತ್ತರೂ ಅಕ್ಷರಗಳ ಗುರುತು ಉಳಿಯಿತು.

ಹೊರಡುವಾಗ ಒಂದು ಜೆರ್ಸಿ ನನಗೇ ಕೊಟ್ಟ. "ಇದು ಪ್ಯಾಟ್ರಿಕ್‌ನದು. ಅದೇ ಕಂಪನಿಯಲ್ಲಿದ್ದ, ಕೆಲಸ ಹೋಗಿ ಊರಿಗೆ ಹೋದ. ಶುಕ್ರವಾರ ಮ್ಯಾಚಿಗೆ ಬನ್ನಿ."

ರಜೆಯ ದಿನ ಮಾತಿಗೂ ಯಾರೂ ಇರಲಿಲ್ಲ. ಅದನ್ನೇ ತೊಟ್ಟು ಹೋದೆ. ಬೆನ್ನಿನ ನಂಬರ್ ನೋಡಿ ಯಾರೋ "ಪ್ಯಾಟ್ರಿಕ್" ಎಂದು ಕೂಗುತ್ತ ಓಡಿಬಂದರು. ತಿರುಗಿದೆ. ಅವರ ಮುಖ ಸಪ್ಪಗಾಯಿತು.

ದುಬೈಯಲ್ಲಿ ನನ್ನನ್ನು ಯಾರೂ ಅಷ್ಟು ಸಂತೋಷದಿಂದ ಕರೆದಿರಲಿಲ್ಲ. ಕರೆದದ್ದೂ ನನ್ನನ್ನಲ್ಲ.