ಡಬ್ಬಿಯೊಳಗಿನ ದಬ್ಬಳ

ನಮ್ಮದು ಊರೂರು ಸುತ್ತುವ ಸಂಸಾರ. ವ್ಯಾನೇ ಮನೆ, ವ್ಯಾನೇ ಅಂಗಡಿ. ಹಿಂದಿನರ್ಧದಲ್ಲಿ ಹತ್ತಿ ಹಿಂಜುವ ಯಂತ್ರ. ಮುಂದಿನರ್ಧದಲ್ಲಿ ನನ್ನ ತಮ್ಮ, ಅವನ ಹೆಂಡತಿ, ಮಗಳು ಗುಬ್ಬಿ, ಜೊತೆಗೆ ಬಾಯಿ ಜೋರಿನ ಅಕ್ಕ, ನಾನು. ಜನ ಗಂಟುಗಟ್ಟಿದ ಹಳೇ ಹಾಸಿಗೆ ತಂದುಕೊಡುತ್ತಾರೆ. ನಾವು ಬಿಚ್ಚಿ, ಹಿಂಜಿ, ಮತ್ತೆ ತುಂಬಿ ಹೊಲಿದು ಕೊಟ್ಟು ಮುಂದಿನ ಊರಿಗೆ ಹೊರಡುತ್ತೇವೆ.

ಹೊಲಿಗೆ ತಮ್ಮನ ಹೆಂಡತಿಯದು. ಅಂಥ ಕೈ ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಗುಬ್ಬಿ ಹುಟ್ಟಿದ ಮೇಲೆ ಅವಳ ತಲೆಗೆ ಒಂದು ಭಯ ಹೊಕ್ಕಿತು: ಹೊಲಿಯುವ ಗೇಣುದ್ದದ ದಪ್ಪ ಸೂಜಿ, ದಬ್ಬಳ, ಯಾವುದೋ ಹಾಸಿಗೆಯೊಳಗೆ ಉಳಿದುಬಿಟ್ಟಿದೆ, ಅದರ ಮೇಲೆ ಯಾರದೋ ಮಗು ಮಲಗಿದೆ. ಹೊಲಿದು ಮುಗಿಸಿ ದಬ್ಬಳವನ್ನು ತಗಡಿನ ಡಬ್ಬಿಗೆ ಹಾಕುವಳು. ಮುಚ್ಚುವಳು. ತೆರೆದು ನೋಡುವಳು. ಮತ್ತೆ ಮುಚ್ಚುವಳು. ವ್ಯಾನು ಹೊರಟ ಮೇಲೂ ಅದೇ ಟಕ್ ಟಕ್. ಒಮ್ಮೆಯಂತೂ ದಬ್ಬಳ ಕೈಯಲ್ಲೇ ಹಿಡಿದುಕೊಂಡು ತಮ್ಮನ ಕೈಲಿ ಗಾಡಿ ಹಿಂದಕ್ಕೆ ತಿರುಗಿಸಿ, ಬಾಣಂತಿಯೊಬ್ಬಳ ಹಾಸಿಗೆ ಬಿಚ್ಚಿ ನೋಡಿದಳು. ಆ ಮನೆಯವರ ಬಾಯಲ್ಲಿ ಕೇಳಬಾರದ್ದನ್ನೆಲ್ಲ ಕೇಳಿದೆವು.

"ಕಣ್ಣೆದುರಿಗೇ ಇದೆಯಲ್ಲೇ ಮಹಾರಾಯ್ತಿ," ಅಂದೆ.

"ಕಣ್ಣಿಗೆ ಗೊತ್ತು ಅತ್ತಿಗೆ. ಎದೆಗೆ ಗೊತ್ತಾಗ್ತಿಲ್ಲ."

ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಒಂದೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಇದು ಹುಚ್ಚಲ್ಲ, ಕಾಯಿಲೆ, ಹತೋಟಿಗೆ ಬರುತ್ತೆ ಎಂದರು. ಮಾತ್ರೆ ಕೊಟ್ಟು ತಿಂಗಳಿಗೊಮ್ಮೆ ಬರಹೇಳಿದರು. ತಿಂಗಳು ತುಂಬುವಷ್ಟರಲ್ಲಿ ನಾವು ಎಲ್ಲಿಗೋ ಹೋಗಿರುತ್ತಿದ್ದೆವು. ಇನ್ನೊಂದು ಮಾತನ್ನೂ ಹೇಳಿದ್ದರು: "ಇದೆಯಾ ಅಂತ ಅವರು ಕೇಳಿದ್ರೆ ಉತ್ತರ ಕೊಡಬೇಡಿ. ನೀವು ಇದೆ ಅಂದಷ್ಟೂ ಭಯ ಮತ್ತೆ ಕೇಳುತ್ತೆ." ತಮ್ಮನೂ ನಾನೂ ಹಲ್ಲು ಕಚ್ಚಿ ಸುಮ್ಮನಿದ್ದೆವು. ಅವಳು ಗುಬ್ಬಿಯನ್ನು ಕೇಳತೊಡಗಿದಳು. ಆರು ತುಂಬಿದ ಮಗು, ಅದಕ್ಕೇನು ಗೊತ್ತು? ಓಡಿಹೋಗಿ ಡಬ್ಬಿ ತೆರೆದು "ಇದೆ ಅಮ್ಮಾ" ಅನ್ನುತ್ತಿತ್ತು.

"ಇದೊಂದು ಇವಳಿಗೆ ಅಂಟದಿದ್ರೆ ಸಾಕು ಅತ್ತಿಗೆ, ನಾನು ಹೇಗೋ ಬದುಕ್ತೀನಿ," ಎಂದು ತಮ್ಮನ ಹೆಂಡತಿ ನನ್ನ ಬಳಿ ಅತ್ತಳು. "ಆದ್ರೂ ಕೇಳದೆ ಇರೋಕಾಗ್ತಿಲ್ಲ."

ಒಂದು ಬೆಳಿಗ್ಗೆ ಹಾಸಿಗೆ ತಲುಪಿಸಲು ಹೊರಡುವ ಹೊತ್ತಿಗೆ ಡಬ್ಬಿ ತೆರೆದರೆ ಒಳಗೆ ಏನೂ ಇಲ್ಲ.

ಅವಳು ಕೂಗಲಿಲ್ಲ. ಬಹಳ ದಿನದಿಂದ ಬರುತ್ತೇವೆಂದಿದ್ದ ನೆಂಟರು ಬಂದರೇನೋ ಎಂಬಂತೆ ತಲೆಯಾಡಿಸಿದಳು. ಆಮೇಲೆ ಕತ್ತರಿ ಹಿಡಿದಳು. ಹೊಲಿದಿಟ್ಟ ಹಾಸಿಗೆಗಳನ್ನೆಲ್ಲ ಸೀಳಿ ಹತ್ತಿಯನ್ನು ಬೆರಳಲ್ಲಿ ಜಾಲಾಡಿದಳು. ತಡೆಯಲು ಹೋದ ತಮ್ಮನ ಕೈ ಕೊಡವಿದಳು. ವ್ಯಾನಿನ ತುಂಬ ಹತ್ತಿ ಹಾರಾಡಿತು, ನಾನು ಮೂಗಿಗೆ ಬಟ್ಟೆ ಹಿಡಿದು ನಿಂತೆ.

ಆಗ ಗುಬ್ಬಿ ಮೂಲೆಯಿಂದ ಎದ್ದು ಬಂದು ಲಂಗದ ಅಂಚು ಎತ್ತಿ ತೋರಿಸಿತು. ದಬ್ಬಳ ಅಂಚಿನ ಮಡಿಕೆಯೊಳಗಿತ್ತು. ಮೊಣಕಾಲ ಮೇಲೆಲ್ಲ ಕೆಂಪು ಗೀರುಗಳು.

"ಡಬ್ಬೀಲಿದ್ರೆ ಇದೆಯೋ ಇಲ್ವೋ ಅಂತ ನಂಗೂ ಭಯ ಆಗುತ್ತಮ್ಮ. ಎದ್ದೆದ್ದು ನೋಡ್ದೆ. ಇಲ್ಲಿಟ್ಕೊಂಡ್ರೆ ಚುಚ್ತಾ ಇರುತ್ತೆ. ಇದೆ ಅಂತ ಗೊತ್ತಾಗುತ್ತೆ."

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಆ ಮಗುವಿನ ಪುಟ್ಟ ಹೊಲಿಗೆ ನೋಡಿ ನಾನೇ ಎಷ್ಟೋ ಸಲ ತಮಾಷೆ ಮಾಡಿದ್ದೆ. ಅವತ್ತು ಆ ಗಾದೆ ನೆನಪಾಗುತ್ತಲೇ ಬಗ್ಗಿ ಲಂಗದ ಅಂಚಿನಿಂದ ದಬ್ಬಳ ಎಳೆದು ತೆಗೆದೆ.

ಸೀಳಿದ್ದನ್ನೆಲ್ಲ ಮತ್ತೆ ಹೊಲಿದು ತಲುಪಿಸುವಷ್ಟರಲ್ಲಿ ಸಂಜೆಯಾಯಿತು. ತಮ್ಮನ ಹೆಂಡತಿ ದಬ್ಬಳವನ್ನು ಡಬ್ಬಿಗೆ ಹಾಕಿ ನನ್ನ ಕೈಗೆ ಕೊಟ್ಟಳು.

"ನಾನು ಕೇಳಿದ್ರೂ ಕೊಡಬೇಡಿ ಅತ್ತಿಗೆ," ಎಂದಳು. ಗಂಡನಿಗೆ, "ಡಾಕ್ಟರಮ್ಮನ ಊರಿಗೆ ತಿರುಗಿಸಿ. ಅವರು ಸಾಕು ಅನ್ನೋವರೆಗೆ ಅಲ್ಲೇ ಇರೋಣ. ಹೊಟ್ಟೆಪಾಡು ಹೇಗೋ ಆಗುತ್ತೆ," ಎಂದಳು.

ಗಾಡಿ ಹೊರಟಿತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತಳು. ಡಬ್ಬಿಯತ್ತ ತಿರುಗಲಿಲ್ಲ.

ಸ್ವಲ್ಪ ದೂರ ಹೋಗಿದ್ದೆವು. ಗುಬ್ಬಿ ಅವಳ ತೋಳು ಜಗ್ಗಿತು.

"ಅಮ್ಮಾ, ಡಬ್ಬೀಲಿ ಇದೆಯಾ?"

ಅವಳು ಬಾಯಿ ತೆರೆದಳು. ಮುಚ್ಚಿದಳು. ಮಗುವನ್ನು ಎಳೆದು ಎದೆಗವಚಿಕೊಂಡಳು, ಉತ್ತರ ಕೊಡಲಿಲ್ಲ.

"ಅಮ್ಮಾ, ಇದೆಯಾ?"